ಇಂಗ್ಲಿಷ್ ಪದವಿಯೊಂದರ ವಂಶಾವಳಿ ಹುಡುಕುವ ಬಗೆ: ಶ್ರೀರಂಗಪಟ್ಟಣದ ಹೆಸರು ಹೊತ್ತ ಬ್ಯಾರನ್ ಹ್ಯಾರಿಸ್ ಪದವಿಯ ಜಾಡಿನಲ್ಲಿ

ಬ್ರಿಟನ್ನಿನ ವಂಶಪಾರಂಪರ್ಯ ಪದವಿ ಪಡೆದ ಮನೆತನಗಳ ಪಟ್ಟಿಯಲ್ಲಿ ಇವತ್ತಿಗೂ ಒಂದು ಸಾಲು ಉಳಿದುಕೊಂಡಿದೆ. ಕನ್ನಡದಲ್ಲಿ ಹೇಳಿದರೆ, ‘ಈಸ್ಟ್ ಇಂಡೀಸ್‌ನ ಸೆರಿಂಗಪಟಮ್ ಹಾಗೂ ಮೈಸೂರಿನ, ಮತ್ತು ಕೆಂಟ್ ಕೌಂಟಿಯ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್’. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಮುತ್ತಿಗೆಯ ದಂಡನಾಯಕನಾಗಿದ್ದವನು ಜಾರ್ಜ್ ಹ್ಯಾರಿಸ್. ಪದವಿ ಬಂದದ್ದು 1815ರಲ್ಲಿ, ಅಂದರೆ 16 ವರ್ಷ ಕಳೆದ ಮೇಲೆ. ನಮ್ಮೂರಿನ ಹೆಸರು ಇಂಗ್ಲೆಂಡಿನ ಒಂದು ಮನೆತನದ ಪದವಿಯೊಳಗೆ ಹೇಗೆ ಸೇರಿತು, ಆಮೇಲೆ ಅದು ಯಾರ ಯಾರ ಕೈಗೆ ಹೋಯಿತು ಎಂದು ಹುಡುಕಲು ಹೊರಡುವವರು ಬಹುಪಾಲು ಒಂದೇ ಕಡೆ ಎಡವುತ್ತಾರೆ: ಮನೆತನದ ಕತೆಯಿಂದ ಶುರುಮಾಡುತ್ತಾರೆ. ಶುರುಮಾಡಬೇಕಾದದ್ದು ಪತ್ರದಿಂದ.

ಇಂಗ್ಲಿಷ್ ವಂಶಪಾರಂಪರ್ಯ ಪದವಿ ಎಂದರೆ ಮೂಲದಲ್ಲಿ ಒಂದು ರಾಜಪತ್ರ. ನಮ್ಮ ದಾನಶಾಸನಗಳಲ್ಲಿ ‘ಪುತ್ರ ಪೌತ್ರ ಪಾರಂಪರ್ಯವಾಗಿ’ ಎಂದು ಬರೆದಿರುತ್ತದಲ್ಲ, ಅಂಥದೇ ಒಂದು ಮಾತು ಅದರಲ್ಲೂ ಇರುತ್ತದೆ. ಆ ಒಂದು ಮಾತು ಯಾರಿಗೆ ಹಕ್ಕು, ಯಾರಿಗಿಲ್ಲ, ಎಲ್ಲಿಗೆ ಪದವಿ ಮುಗಿಯುತ್ತದೆ ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಮನೆ, ಜಮೀನು, ಹಣ, ಪ್ರೀತಿಯ ಮಗಳು ಯಾವುದೂ ಆ ಮಾತನ್ನು ಬದಲಿಸಲಾರದು.

ಮೊದಲು ಪೂರ್ತಿ ಹೆಸರು, ಯಾವ ಪೀರೇಜ್ ಎಂಬುದು

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ವಿಷಯ ಬರೆದುಕೊಳ್ಳಿ: ದರ್ಜೆ, ಪದವಿಯ ಹೆಸರು, ಊರಿನ ಉಲ್ಲೇಖ. ಇಂಥ ಪದವಿ ಪಡೆದವರನ್ನು ಪೀರ್ ಎಂದೂ ಅವರ ಒಟ್ಟು ಸಾಲನ್ನು ಪೀರೇಜ್ ಎಂದೂ ಕರೆಯುತ್ತಾರೆ. ಅದರ ದರ್ಜೆಗಳು ಐದು. ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಬ್ಯಾರೊನೆಟ್ ಇವುಗಳಲ್ಲಿ ಸೇರುವುದಿಲ್ಲ. ಅದು ತಂದೆಯಿಂದ ಮಗನಿಗೆ ಹೋಗುತ್ತದಾದರೂ ಪೀರ್ ಪದವಿಯಲ್ಲ. 1799ರಲ್ಲಿ ಕೋಟೆಯ ಬಿರುಕಿಗೆ ನುಗ್ಗಿದ ಪಡೆಯನ್ನು ನಡೆಸಿದ ಡೇವಿಡ್ ಬೇರ್ಡ್‌ಗೆ 1809ರಲ್ಲಿ ಸಿಕ್ಕಿದ್ದು ಬ್ಯಾರೊನೆಟ್ ಪದವಿ. ಹಾಗಾಗಿ ಆತ ‘ಸರ್ ಡೇವಿಡ್’, ಎಂದೂ ‘ಲಾರ್ಡ್ ಬೇರ್ಡ್’ ಅಲ್ಲ.

ಊರಿನ ಉಲ್ಲೇಖದ ವಿಷಯದಲ್ಲಿ ಕನ್ನಡದ ಓದುಗರು ಸ್ವಲ್ಪ ನಿಧಾನಿಸಬೇಕು. ‘ಬ್ಯಾರನ್ ಹ್ಯಾರಿಸ್’ ಎನ್ನುವುದಷ್ಟೇ ಪದವಿ. ‘ಸೆರಿಂಗಪಟಮ್ ಮತ್ತು ಮೈಸೂರಿನ’ ಎನ್ನುವುದು ಅದರ ಹಿಂದೆ ಅಂಟಿಸಿದ ವಿಳಾಸದಂಥ ಮಾತು. ಅದರಿಂದ ಹ್ಯಾರಿಸ್ ಮನೆತನಕ್ಕೆ ಶ್ರೀರಂಗಪಟ್ಟಣದಲ್ಲಿ ಒಂದು ಗುಂಟೆ ಜಮೀನೂ ಬರಲಿಲ್ಲ, ಒಂದು ಕಾಸಿನ ಕಂದಾಯವೂ ಬರಲಿಲ್ಲ. ಗೆದ್ದ ಯುದ್ಧದ ಊರನ್ನು ಪದವಿಗೆ ಸೇರಿಸುವುದು ಅಲ್ಲಿಯ ಪದ್ಧತಿ. ‘ಮೈಸೂರಿನ ಲಾರ್ಡ್’ ಎಂದು ಎಲ್ಲಾದರೂ ಓದಿದರೆ ಅದು ತಪ್ಪು ಎಂದು ಅಲ್ಲೇ ಗುರುತು ಹಾಕಿಕೊಳ್ಳಿ.

ಇನ್ನು ಯಾವ ಪೀರೇಜ್ ಎಂಬ ಪ್ರಶ್ನೆ. ಇಂಗ್ಲೆಂಡಿನ ಪೀರೇಜ್ 1707ಕ್ಕೆ ಮುಂಚಿನದು, ಸ್ಕಾಟ್ಲೆಂಡಿನದೂ ಅಷ್ಟೇ. 1707ರಿಂದ 1800ರವರೆಗೆ ಕೊಟ್ಟವು ಗ್ರೇಟ್ ಬ್ರಿಟನ್ನಿನ ಪೀರೇಜಿಗೆ, 1801ರಿಂದ ಈಚಿನವು ಯುನೈಟೆಡ್ ಕಿಂಗ್‌ಡಮ್ ಪೀರೇಜಿಗೆ ಸೇರುತ್ತವೆ. ಐರ್ಲೆಂಡಿನದು ಬೇರೆಯೇ ಸಾಲು, 1801ರ ನಂತರವೂ ಕೆಲವನ್ನು ಕೊಟ್ಟಿದ್ದಾರೆ. ನಾವು ಸಡಿಲವಾಗಿ ‘ಇಂಗ್ಲಿಷ್ ಪದವಿ’ ಎನ್ನುವ ಎಷ್ಟೋ ಪದವಿಗಳು ಲೆಕ್ಕದಲ್ಲಿ ಇಂಗ್ಲೆಂಡಿನವಲ್ಲ. ಹ್ಯಾರಿಸ್ ಪದವಿ 1815ರದಾದ್ದರಿಂದ ಯುನೈಟೆಡ್ ಕಿಂಗ್‌ಡಮ್‌ನದು.

ಈ ವ್ಯತ್ಯಾಸ ಕಾಗದದ ಮೇಲಿನದಷ್ಟೇ ಅಲ್ಲ. ಐರ್ಲೆಂಡಿನ ಪೀರ್‌ಗೆ ವೆಸ್ಟ್‌ಮಿನ್‌ಸ್ಟರಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಾನಾಗಿಯೇ ಜಾಗ ಸಿಗುತ್ತಿರಲಿಲ್ಲ. ಟಿಪ್ಪುವಿನ ಸೋಲಿನ ನಂತರ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ 1799ರ ಕೊನೆಯಲ್ಲಿ ಕೊಟ್ಟದ್ದು ಐರ್ಲೆಂಡಿನ ಮಾರ್ಕ್ವೆಸ್ ಪದವಿ. ಆತ ಅದನ್ನು ‘ಎರಡು ಸಲ ಚಿನ್ನದ ನೀರು ಕುಡಿಸಿದ ಆಲೂಗಡ್ಡೆ’ ಎಂದು ಕರೆದು ಕಹಿಪಟ್ಟ. ಹ್ಯಾರಿಸ್‌ಗೂ ಐರ್ಲೆಂಡಿನ ಪದವಿಯನ್ನೇ ಕೊಡಲು ಬಂದಿದ್ದರು, ಆತ ಬೇಡವೆಂದ. 1799ರ ಗೆಲುವಿಗೂ 1815ರ ಪದವಿಗೂ ನಡುವೆ ಇರುವ ಅಂತರವನ್ನು ನೋಡುವಾಗ ಈ ಸಂಗತಿಯನ್ನು ಮರೆಯಬಾರದು.

ಪತ್ರದ ಷರತ್ತು ಓದುವುದು: ಎಲ್ಲ ಉತ್ತರ ಇಲ್ಲಿದೆ

ಪದವಿ ಹುಟ್ಟುವ ದಾರಿ ಎರಡು. ಹಳೆಯದು ರಿಟ್, ಅಂದರೆ ಸಂಸತ್ತಿಗೆ ಬಾ ಎಂದು ರಾಜ ಕಳಿಸಿದ ಕರೆಯೋಲೆ. ಇನ್ನೊಂದು ಲೆಟರ್ಸ್ ಪೇಟೆಂಟ್, ಅಂದರೆ ಮೊಹರು ಹಾಕಿದ ಬಹಿರಂಗ ರಾಜಪತ್ರ. ಇದರಿಂದ ಮೊಟ್ಟಮೊದಲು ಬ್ಯಾರನ್ ಆದವನು 1387ರಲ್ಲಿ ಕಿಡರ್‌ಮಿನ್‌ಸ್ಟರಿನ ಬೋಷಂ. ಈಚಿನ ಶತಮಾನಗಳ ಪದವಿಗಳೆಲ್ಲ ಹೆಚ್ಚುಕಡಿಮೆ ಎರಡನೆಯ ಬಗೆಯವು.

ರಾಜಪತ್ರದಲ್ಲಿ ಹೊಗಳಿಕೆ, ಕಾರಣ, ದರ್ಜೆ ಎಲ್ಲ ಮುಗಿದ ಮೇಲೆ ಒಂದು ಸಾಲು ಬರುತ್ತದೆ. ಅದಕ್ಕೆ ರಿಮೈಂಡರ್ ಎನ್ನುತ್ತಾರೆ. ಉಳಿಕೆಯ ಷರತ್ತು ಅಂದುಕೊಳ್ಳಿ. ಸಾಮಾನ್ಯ ಮಾತು ‘ಆತನಿಗೂ, ಆತನ ದೇಹದಿಂದ ಹುಟ್ಟಿದ ಗಂಡು ವಾರಸುದಾರರಿಗೂ’. 1733ಕ್ಕೆ ಮುಂಚಿನ ಪತ್ರಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿವೆ; ಅಲ್ಲಿ ‘ಹೆರೆಡೆಸ್ ಮಾಸ್ಕುಲಿ ಡೆ ಕಾರ್ಪೊರೆ’ ಎಂಬ ನಾಲ್ಕು ಪದ ಹುಡುಕಿದರೆ ಸಾಕು, ಲ್ಯಾಟಿನ್ ಗೊತ್ತಿಲ್ಲದವರೂ ಷರತ್ತನ್ನು ಹಿಡಿಯಬಹುದು. ಇದರ ಅರ್ಥ ಗಂಡಿನಿಂದ ಗಂಡಿಗೆ, ಪದವಿಯನ್ನು ಮೊದಲು ಪಡೆದವನಿಂದ ಇಳಿದ ಸಾಲಿನಲ್ಲಿ ಮಾತ್ರ. ಆತನ ತಮ್ಮನಿಗೆ ಇಲ್ಲ, ಅಣ್ಣನ ಮಗನಿಗೆ ಇಲ್ಲ, ಮಗಳಿಗೂ ಮೊಮ್ಮಗಳಿಗೂ ಇಲ್ಲ. ದತ್ತು ಮಗನಿಗಿಲ್ಲ. ತಂದೆತಾಯಿಯ ಮದುವೆಗೆ ಮುಂಚೆ ಹುಟ್ಟಿ, ಆಮೇಲೆ 1926ರ ಕಾನೂನಿನಿಂದ ಔರಸನೆಂದು ಮಾನ್ಯನಾದ ಮಗನಿಗೂ ಇಲ್ಲ.

ಇದನ್ನು ಕಲಿಯಲು ಕಾರ್ನ್‌ವಾಲಿಸ್ ಮನೆತನಕ್ಕಿಂತ ಒಳ್ಳೆಯ ಪಾಠ ಸಿಗದು. 1791ರಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಮಾಡಿಸಿ, ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ ಅದೇ ಚಾರ್ಲ್ಸ್ ಕಾರ್ನ್‌ವಾಲಿಸ್. ಆತನ ಕೈಯಲ್ಲಿ ಮೂರು ಪತ್ರಗಳ ಫಲ ಒಟ್ಟಿಗೆ ಇತ್ತು. ಬ್ಯಾರನ್ ಪದವಿ 1661ರದು, ಇಂಗ್ಲೆಂಡಿನ ಪೀರೇಜ್. ಅರ್ಲ್ ಪದವಿ 1753ರದು, ಆತನ ತಂದೆಗೆ ಸಿಕ್ಕಿದ್ದು, ಗ್ರೇಟ್ ಬ್ರಿಟನ್ನಿನ ಪೀರೇಜ್. ಮಾರ್ಕ್ವೆಸ್ ಪದವಿ 1792ರದು, ಮೈಸೂರು ಯುದ್ಧದ ನಂತರ ಸ್ವಂತಕ್ಕೆ ಸಿಕ್ಕಿದ್ದು. ಆತ 1805ರಲ್ಲಿ ಗಾಜಿಪುರದಲ್ಲಿ ತೀರಿಕೊಂಡ. ಒಬ್ಬನೇ ಮಗ ಎರಡನೆಯ ಮಾರ್ಕ್ವೆಸ್ ಆದ. ಆ ಮಗನಿಗೆ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. 1823ರಲ್ಲಿ ಆತ ತೀರಿಕೊಂಡಾಗ ಮೂರೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮಾರ್ಕ್ವೆಸ್ ಪತ್ರದ ಲೆಕ್ಕ 1792ರ ಚಾರ್ಲ್ಸ್‌ನಿಂದ ಶುರು. ಆತನ ಗಂಡು ಸಂತತಿ ಮುಗಿಯಿತು, ಹಾಗಾಗಿ ಆ ಪದವಿ ಅದೇ ದಿನ ಮುಗಿಯಿತು. ಅರ್ಲ್ ಪತ್ರದ ಲೆಕ್ಕ ಆತನ ತಂದೆಯಿಂದ ಶುರು. ಆ ತಂದೆಗೆ ಇನ್ನೊಬ್ಬ ಮಗ ಬದುಕಿದ್ದ, ಜೇಮ್ಸ್, ಲಿಚ್‌ಫೀಲ್ಡ್ ಮತ್ತು ಕವೆಂಟ್ರಿಯ ಬಿಷಪ್. ಪದವಿ ಅಣ್ಣನ ಮಗನಿಂದ ಚಿಕ್ಕಪ್ಪನಿಗೆ ಹಿಂದಕ್ಕೆ ಬಂತು. ಬಿಷಪ್ 1824ರಲ್ಲಿ ತೀರಿಕೊಂಡ, ಆತನ ಮಗ ಐದನೆಯ ಅರ್ಲ್ ಆದ. 1852ರಲ್ಲಿ ಆತ ತೀರಿಕೊಂಡಾಗ ಅರ್ಲ್ ಪದವಿ, 1661ರ ಬ್ಯಾರನ್ ಪದವಿ ಎರಡೂ ಒಟ್ಟಿಗೆ ಮುಗಿದವು. ಒಂದೇ ಮನೆ, ಒಂದೇ ರಕ್ತ. ಪತ್ರಗಳು ಬೇರೆ ಆದ್ದರಿಂದ 29 ವರ್ಷಗಳ ಅಂತರದಲ್ಲಿ ಎರಡು ಅಂತ್ಯ.

ಅಲ್ಲಿಗೆ ಮುಗಿಯಿತೆ? 1927ರಲ್ಲಿ ಮತ್ತೆ ‘ಬ್ಯಾರನ್ ಕಾರ್ನ್‌ವಾಲಿಸ್’ ಕಾಣಿಸುತ್ತಾನೆ. ಇದು ಹಳೆಯದರ ಮುಂದುವರಿಕೆಯಲ್ಲ. ಐದನೆಯ ಅರ್ಲನ ಮಗಳ ಕಡೆಯಿಂದ ಬಂದವರು ಆ ಮನೆತನದ ಹೆಸರು ಇಟ್ಟುಕೊಂಡಿದ್ದರು. ಅವರಿಗೆ ಹೊಸ ಪತ್ರ, ಕೆಂಟ್‌ನ ಲಿಂಟನ್ ಊರಿನ ಉಲ್ಲೇಖದೊಂದಿಗೆ. ಹೊಸ ಪತ್ರವೆಂದರೆ ಹೊಸ ಎಣಿಕೆ. ಹಾಗಾಗಿ ‘ಮೊದಲ ಬ್ಯಾರನ್ ಕಾರ್ನ್‌ವಾಲಿಸ್’ ಎಂಬ ಹೆಸರಿನವರು ಇಬ್ಬರು, 1661ರವನು ಮತ್ತು 1927ರವನು. ಸೃಷ್ಟಿಯ ವರ್ಷ ಬರೆಯದೆ ಸಂಖ್ಯೆ ಮಾತ್ರ ಬರೆದರೆ ಈ ಇಬ್ಬರೂ ಬೆರೆತುಹೋಗುತ್ತಾರೆ. ಹುಡುಕಾಟದ ಟಿಪ್ಪಣಿಗಳು ಕೆಡುವುದಕ್ಕೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇಲ್ಲ.

ಷರತ್ತು ಬೇರೆಯಾಗಿದ್ದರೆ ಫಲವೂ ಬೇರೆ. ಮೌಂಟ್‌ಬ್ಯಾಟನ್‌ಗೆ ಗಂಡುಮಕ್ಕಳಿರಲಿಲ್ಲ, ಪತ್ರದಲ್ಲೇ ಹೆಣ್ಣುಮಕ್ಕಳಿಗೆ ಹೋಗುವಂತೆ ವಿಶೇಷ ಷರತ್ತು ಬರೆಸಿದ್ದರಿಂದ 1979ರಲ್ಲಿ ಹಿರಿಯ ಮಗಳು ಕೌಂಟೆಸ್ ಆದರು. ರಿಟ್‌ನಿಂದ ಹುಟ್ಟಿದ ಹಳೆಯ ಬ್ಯಾರನ್ ಪದವಿಗಳಲ್ಲಿ ಹೆಣ್ಣಿಗೂ ಹಕ್ಕಿದೆ, ಆದರೆ ಇಂಗ್ಲಿಷ್ ಕಾನೂನಿನಲ್ಲಿ ಅಕ್ಕತಂಗಿಯರಲ್ಲಿ ಹಿರಿಕಿರಿ ಇಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದರೆ ಪದವಿ ಯಾರಿಗೂ ಸೇರದೆ ನಡುವೆ ನಿಲ್ಲುತ್ತದೆ. ಇದಕ್ಕೆ ಅಬೇಯನ್ಸ್ ಎಂದು ಹೆಸರು. ಉಳಿದ ಹಕ್ಕುದಾರರ ಸಾಲುಗಳೆಲ್ಲ ಕರಗಿ ಒಂದೇ ಉಳಿದಾಗ, ಇಲ್ಲವೆ ರಾಜ ಒಬ್ಬರನ್ನು ಆರಿಸಿದಾಗ ಮಾತ್ರ ಅದು ಮತ್ತೆ ಎದ್ದೇಳುತ್ತದೆ. ಕಾಡ್ನರ್‌ನ ಗ್ರೇ ಎಂಬ ಬ್ಯಾರನ್ ಪದವಿ 1496ರಲ್ಲಿ ಹೀಗೆ ನಿಂತದ್ದು 1989ರಲ್ಲಿ ಎದ್ದಿತು, 493 ವರ್ಷಗಳ ಮೇಲೆ. ಆದ್ದರಿಂದ ಪದವಿ ‘ಮುಗಿದಿದೆ’ ಎಂದು ಬರೆಯುವ ಮೊದಲು ಮುಗಿದಿದೆಯೋ, ಅಬೇಯನ್ಸ್‌ನಲ್ಲಿದೆಯೋ, ಅಥವಾ ವಾರಸುದಾರ ಇದ್ದರೂ ಹಕ್ಕು ಸಾಬೀತು ಮಾಡದೆ ಸುಮ್ಮನೆ ಬಿದ್ದಿದೆಯೋ ಎಂದು ಮೂರು ಸಲ ಕೇಳಿಕೊಳ್ಳಿ.

ಕೋಷ್ಟಕ ಹಾಕುವುದು

ಎಂಟು ಕಾಲಂ ಸಾಕು: ಎಷ್ಟನೆಯವರು, ಸೃಷ್ಟಿಯ ವರ್ಷ, ಪೂರ್ತಿ ಹೆಸರು, ಹುಟ್ಟಿದ ವರ್ಷ, ಪದವಿಗೆ ಬಂದ ವರ್ಷ, ತೀರಿಕೊಂಡ ವರ್ಷ, ಹಿಂದಿನವರಿಗೆ ಏನಾಗಬೇಕು, ಆಧಾರ. ಏಳನೆಯ ಕಾಲಂ ಖಾಲಿ ಬಿಡಬೇಡಿ. ‘ಮಗ’ ಎಂದು ಊಹಿಸಿ ತುಂಬಲೂ ಬೇಡಿ.

ಹ್ಯಾರಿಸ್ ಸಾಲನ್ನು ಹಾಕಿ ನೋಡೋಣ. ಮೊದಲನೆಯವನು ಜಾರ್ಜ್, 1746ರಿಂದ 1829, ಕೆಂಟ್‌ನ ಬ್ರಾಸ್ಟೆಡ್‌ನ ಪಾದ್ರಿಯ ಮಗ. ಎರಡನೆಯವನು ಮಗ ವಿಲಿಯಂ ಜಾರ್ಜ್, 1782ರಿಂದ 1845. ತಂದೆಯೊಂದಿಗೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು. ಮೂರನೆಯವನು ಜಾರ್ಜ್ ಫ್ರಾನ್ಸಿಸ್ ರಾಬರ್ಟ್, 1810ರಿಂದ 1872. ಟ್ರಿನಿಡಾಡ್‌ನಲ್ಲಿ, ಆಮೇಲೆ 1854ರಿಂದ 1859ರವರೆಗೆ ಮದ್ರಾಸಿನಲ್ಲಿ ಗವರ್ನರ್. ನಾಲ್ಕನೆಯವನು ಜಾರ್ಜ್ ರಾಬರ್ಟ್ ಕ್ಯಾನಿಂಗ್, 1851ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿ 1932ರಲ್ಲಿ ತೀರಿಕೊಂಡವನು. ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕ, 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್. ಮುಂಬಯಿಯ ಶಾಲಾ ಹುಡುಗರು ಆಡುವ ಹ್ಯಾರಿಸ್ ಶೀಲ್ಡ್ ಈತನ ಹೆಸರಿನದೇ. ಐದನೆಯವನು ಜಾರ್ಜ್ ಸೇಂಟ್ ವಿನ್ಸೆಂಟ್, 1889ರಿಂದ 1984. ಆರನೆಯವನು 1920ರಿಂದ 1995. ಏಳನೆಯವನು 1916ರಿಂದ 1996.

ಕೊನೆಯ ಎರಡು ಸಾಲು ಮತ್ತೊಮ್ಮೆ ಓದಿ. ಏಳನೆಯವನು ಆರನೆಯವನಿಗಿಂತ ನಾಲ್ಕು ವರ್ಷ ದೊಡ್ಡವನು. ಮಗನಾಗಿರಲು ಸಾಧ್ಯವೇ ಇಲ್ಲ. ಪದವಿ ಇಲ್ಲಿ ಪಕ್ಕಕ್ಕೆ ಸರಿದಿದೆ, ದೂರದ ದಾಯಾದಿಗೆ ಹೋಗಿದೆ. ಹುಟ್ಟಿದ ವರ್ಷದ ಕಾಲಂ ಇಟ್ಟುಕೊಳ್ಳುವುದು ಇದಕ್ಕಾಗಿಯೇ: ಹೊಸಬರು ಹಳಬರಿಗಿಂತ ದೊಡ್ಡವರಾಗಿದ್ದರೆ ಅಥವಾ ಇಬ್ಬರ ನಡುವೆ ಹದಿನೈದು ವರ್ಷವೂ ಇಲ್ಲದಿದ್ದರೆ ಅಲ್ಲಿ ನಿಂತು, ಮೇಲಕ್ಕೆ ಯಾವ ಪೂರ್ವಜನವರೆಗೆ ಹೋಗಿ ಮತ್ತೆ ಕೆಳಗೆ ಇಳಿಯಬೇಕೆಂದು ಹುಡುಕಬೇಕು. ಆ ಪೂರ್ವಜ ಷರತ್ತಿನ ಒಳಗೇ ಇರಬೇಕು, ಹ್ಯಾರಿಸ್ ವಿಷಯದಲ್ಲಿ 1746ರ ಜಾರ್ಜ್‌ನಿಂದ ಮೇಲಕ್ಕೆ ಹೋಗುವಂತಿಲ್ಲ.

ಉಲ್ಟಾ ಅನುಮಾನವೂ ಒಳ್ಳೆಯದು. 1872ರಿಂದ 1984ರವರೆಗೆ 112 ವರ್ಷ ಬರೀ ಇಬ್ಬರೇ ಎಂದರೆ ನಡುವೆ ಒಬ್ಬರು ಬಿಟ್ಟುಹೋದರೇ ಎನಿಸುತ್ತದೆ. ವಯಸ್ಸು ಕೂಡಿಸಿ ನೋಡಿ: ನಾಲ್ಕನೆಯವನು 21ಕ್ಕೆ ಪದವಿಗೆ ಬಂದ, 38ರ ಹೊತ್ತಿಗೆ ಮಗ ಹುಟ್ಟಿದ, ಆ ಮಗ 90 ದಾಟಿ ಬದುಕಿದ. ಲೆಕ್ಕ ಸರಿಯಾಗಿಯೇ ಇದೆ.

ಒಬ್ಬರ ತಲೆಯ ಮೇಲೆ ಎರಡು ಮೂರು ಪದವಿ ಇದ್ದರೆ ಪದವಿಗೊಂದರಂತೆ ಬೇರೆ ಕೋಷ್ಟಕ ಹಾಕಿ. ಶ್ರೀರಂಗಪಟ್ಟಣದ ಒಪ್ಪಂದದ ಕಾರ್ನ್‌ವಾಲಿಸ್ ಮೊದಲ ಮಾರ್ಕ್ವೆಸ್, ಎರಡನೆಯ ಅರ್ಲ್, ಆರನೆಯ ಬ್ಯಾರನ್. ಒಂದೇ ಕೋಷ್ಟಕಕ್ಕೆ ತುರುಕಿದರೆ ಬಿಷಪ್ ಜೇಮ್ಸ್ ಬಂದಾಗ ಎಣಿಕೆ ಮುರಿದುಬೀಳುತ್ತದೆ. ರಿಚರ್ಡ್ ವೆಲ್ಲೆಸ್ಲಿಯ ತಮ್ಮ ಆರ್ಥರ್‌ನಿಂದ ಶುರುವಾದ ವೆಲ್ಲಿಂಗ್ಟನ್ ಡ್ಯೂಕ್ ಮನೆತನದಲ್ಲಿ ಇದು ದೇಶಗಳ ಗಡಿಯನ್ನೇ ದಾಟುತ್ತದೆ. 1943ರಲ್ಲಿ ಆರನೆಯ ಡ್ಯೂಕ್ ಇಟಲಿಯ ಯುದ್ಧದಲ್ಲಿ ಸತ್ತಾಗ ಬ್ರಿಟನ್ನಿನ ಡ್ಯೂಕ್ ಪದವಿ ಚಿಕ್ಕಪ್ಪನಿಗೆ ಹೋಯಿತು. ಅದೇ ಮನೆತನದ ಸ್ಪೇನಿನ ಸಿಯುದಾದ್ ರೊದ್ರಿಗೊ ಡ್ಯೂಕ್ ಪದವಿಗೆ ಹೆಣ್ಣೂ ಹಕ್ಕುದಾರಳಾದ್ದರಿಂದ ಅದು ಅಕ್ಕನಿಗೆ ಹೋಯಿತು. ಆಕೆ 1949ರಲ್ಲಿ ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಳು.

ಕಾಗದಗಳು ಎಲ್ಲಿವೆ

ರಾಜಪತ್ರದ ಅಧಿಕೃತ ನಕಲುಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಪೇಟೆಂಟ್ ರೋಲ್ ಎಂಬ ಸುರುಳಿಗಳಲ್ಲಿ, ‘ಸಿ 66’ ಎಂಬ ಶ್ರೇಣಿಯಲ್ಲಿವೆ. ಮನೆಯಲ್ಲೇ ಕುಳಿತು ಶುರುಮಾಡುವವರಿಗೆ ಲಂಡನ್ ಗೆಜೆಟ್ ಸುಲಭ. 1665ರಿಂದ ನಡೆದುಬಂದಿರುವ ಈ ಸರ್ಕಾರಿ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅದರ ಜಾಲತಾಣದಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಪದವಿ ಕೊಟ್ಟ ಸುದ್ದಿ, ಪೂರ್ತಿ ಹೆಸರು, ಊರಿನ ಉಲ್ಲೇಖ, ಹೆಚ್ಚಿನ ಸಲ ಷರತ್ತು ಕೂಡ ಅಲ್ಲಿ ಸಿಗುತ್ತದೆ. ಆದರೆ ಗೆಜೆಟ್ಟಿನ ಸಂಚಿಕೆಯ ದಿನಾಂಕ ಬೇರೆ, ಪತ್ರಕ್ಕೆ ಮೊಹರು ಬಿದ್ದ ದಿನಾಂಕ ಬೇರೆ. ಪದವಿಯ ಹುಟ್ಟುಹಬ್ಬ ಮೊಹರಿನ ದಿನ.

ಗೆಜೆಟ್ಟಿನಲ್ಲಿ ಹುಡುಕಿ ಏನೂ ಸಿಗದಿದ್ದರೆ ಕಾರಣ ಹೆಚ್ಚಾಗಿ ಅಕ್ಷರಗಳದ್ದು. ಸುಮಾರು 1800ಕ್ಕೆ ಮುಂಚಿನ ಅಚ್ಚಿನಲ್ಲಿ ಉದ್ದನೆಯ ‘ಎಸ್’ ಅಕ್ಷರವಿದೆ. ಕಂಪ್ಯೂಟರ್ ಅದನ್ನು ‘ಎಫ್’ ಎಂದು ಓದಿಕೊಂಡಿರುತ್ತದೆ. ಪದದ ನಡುವಿನ ‘ಎಸ್’ ಇದ್ದಲ್ಲೆಲ್ಲ ‘ಎಫ್’ ಹಾಕಿಯೂ ಒಮ್ಮೆ ಹುಡುಕಿ. ಊರಿನ ಹೆಸರನ್ನು ಇಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಕೊಟ್ಟರೆ ಸಿಗುವುದೇ ಇಲ್ಲ. ‘ಸೆರಿಂಗಪಟಮ್’ ಎಂದೇ ಕೊಡಬೇಕು. ‘ಮಾರ್ಕ್ವೆಸ್’ ಎಂಬುದನ್ನು ‘ಮಾರ್ಕ್ವಿಸ್’ ಎಂದೂ ಬರೆಯುತ್ತಿದ್ದರು. ವೆಲ್ಲೆಸ್ಲಿ ಮನೆಯ ಆರ್ಥರ್ 1798ರವರೆಗೆ ತನ್ನ ಹೆಸರನ್ನು ‘ವೆಸ್ಲಿ’ ಎಂದು ಬರೆಯುತ್ತಿದ್ದ.

ವ್ಯಕ್ತಿಗಳ ಹುಟ್ಟು, ಮದುವೆ, ಸಾವಿಗೆ ಬೇರೆ ದಾಖಲೆ. ಇಂಗ್ಲೆಂಡಿನಲ್ಲಿ ಸರ್ಕಾರಿ ನೋಂದಣಿ 1837ರ ಜುಲೈನಿಂದ ಶುರು. ಅದಕ್ಕೆ ಹಿಂದೆ ಚರ್ಚಿನ ರಿಜಿಸ್ಟರುಗಳು, ಅವು 1538ರವರೆಗೂ ಹಿಂದಕ್ಕೆ ಹೋಗಬಲ್ಲವು. ಭಾರತದಲ್ಲಿದ್ದ ಕಂಪನಿಯ ಜನರ ಚರ್ಚ್ ದಾಖಲೆಗಳ ನಕಲುಗಳನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳದ್ದು ‘ಎನ್/1’, ಮದ್ರಾಸಿನದು ‘ಎನ್/2’, ಬೊಂಬಾಯಿಯದು ‘ಎನ್/3’. ಮೈಸೂರು ಸೀಮೆಯಲ್ಲಿದ್ದ ಅಧಿಕಾರಿಗಳ ಮಕ್ಕಳನ್ನು ಹುಡುಕುವುದು ಮದ್ರಾಸಿನ ಶ್ರೇಣಿಯಲ್ಲಿ. ಉಯಿಲುಗಳೂ ಬಹಳ ಉಪಯುಕ್ತ. 1858ಕ್ಕೆ ಮುಂಚಿನ ದೊಡ್ಡ ಮನೆತನಗಳ ಉಯಿಲುಗಳು ನ್ಯಾಷನಲ್ ಆರ್ಕೈವ್ಸ್‌ನ ‘ಪ್ರಾಬ್ 11’ ಶ್ರೇಣಿಯಲ್ಲಿವೆ. ಚಿಕ್ಕ ವಯಸ್ಸಿನಲ್ಲಿ ಸತ್ತ ಅಣ್ಣ, ಮದುವೆಯಾಗದೆ ಉಳಿದ ತಮ್ಮ, ಇವರೆಲ್ಲ ಅಲ್ಲಿ ಹೆಸರುಸಹಿತ ಸಿಗುತ್ತಾರೆ. ವಾರಸು ಪಕ್ಕಕ್ಕೆ ಸರಿದಾಗ ಸಾಬೀತು ಮಾಡಬೇಕಾದದ್ದು ಇದನ್ನೇ: ಹೊಸಬನ ಹಕ್ಕನ್ನಷ್ಟೇ ಅಲ್ಲ, ಅವನಿಗಿಂತ ಮುಂದಿದ್ದವರ ಸಾಲು ನಿಂತುಹೋದದ್ದನ್ನು ಕೂಡ.

ಅಚ್ಚಾದ ಪೀರೇಜ್ ಪುಸ್ತಕಗಳಲ್ಲಿ ಬರ್ಕ್ ಹೆಸರಿನದು 1826ರಲ್ಲಿ ಶುರುವಾದದ್ದು. ಕೈಗೆ ಮೊದಲು ಸಿಗುವುದೂ ಅದೇ. ಅದರ ಹಳೆಯ ಆವೃತ್ತಿಗಳಲ್ಲಿ ಮನೆತನದವರೇ ಕಳಿಸಿದ ಮೂಲಪುರುಷರ ಕತೆಗಳು ಪರೀಕ್ಷೆಯಿಲ್ಲದೆ ಸೇರಿವೆ. ದಿನಾಂಕಗಳಿಗೆ ದಾರಿತೋರಕವಾಗಿ ಬಳಸಿ, ಆಧಾರವಾಗಿ ಬರೆದುಕೊಳ್ಳಬೇಡಿ. 1752ಕ್ಕೆ ಮುಂಚಿನ ದಿನಾಂಕಗಳಲ್ಲಿ ಇನ್ನೊಂದು ತೊಡಕಿದೆ: ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1660ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1661ರ ಫೆಬ್ರವರಿ. ಜನವರಿ 1ರಿಂದ ಮಾರ್ಚ್ 24ರವರೆಗಿನ ದಿನಾಂಕಗಳಿಗೆ 1660/61 ಎಂದು ಎರಡೂ ವರ್ಷ ಬರೆದುಬಿಡಿ. ಇಲ್ಲದಿದ್ದರೆ ತಂದೆ ಸಾಯುವ ಮೊದಲೇ ಮಗ ಪದವಿಗೆ ಬಂದಂತೆ ಕಾಣುತ್ತದೆ.

ಮನೆತನದ ಲಾಂಛನವೂ ಒಂದು ದಾಖಲೆಯೇ, ಅದರಲ್ಲೂ ನಮಗೆ. ಹ್ಯಾರಿಸ್ ಲಾಂಛನದ ಶಿಖರದಲ್ಲಿ ಚಿನ್ನದ ಪಟ್ಟೆಯ ಹಸಿರು ಹುಲಿಯಿದೆ, ಎದೆಗೆ ಬಾಣ ನೆಟ್ಟಿದೆ, ಹಣೆಯ ಮೇಲೆ ಹೈದರನ ಹೆಸರನ್ನು ಸೂಚಿಸುವ ಪರ್ಷಿಯನ್ ಅಕ್ಷರ. ಟಿಪ್ಪುವಿನ ಹುಲಿ ಕೆಂಟ್‌ನ ಮನೆಯೊಂದರ ಗುರುತಾಗಿ ಉಳಿದ ಬಗೆ ಇದು. ನೋಡುವಾಗ ಮನಸ್ಸು ಭಾರವಾಗುತ್ತದೆ. ಗೆದ್ದವರು ಏನನ್ನು ಗೆದ್ದೆವೆಂದು ತಿಳಿದುಕೊಂಡಿದ್ದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ, ಪದವಿ ಯಾರಿಗೆ ಹೋಯಿತೆಂಬುದಕ್ಕೆ ಸಾಕ್ಷಿಯಲ್ಲ. ಮನೆಯೂ ಸಾಕ್ಷಿಯಲ್ಲ. ಹ್ಯಾರಿಸ್ 1801ರಲ್ಲಿ ಕೊಂಡ ಬೆಲ್ಮಾಂಟ್ ಬಂಗಲೆ ಈಗ ಒಂದು ಧರ್ಮದರ್ಶಿ ಸಂಸ್ಥೆಯದು. ಐದನೆಯ ಲಾರ್ಡ್ ಕೂಡಿಸಿದ ಗಡಿಯಾರಗಳು ಅಲ್ಲಿವೆ. ಪದವಿ ದಾಯಾದಿಗೆ ಹೋಯಿತು, ಮನೆ ಹೋಗಲಿಲ್ಲ.

ಪದವಿಯಿಂದ ಕಾಗದದ ವಯಸ್ಸು ಹೇಳುವುದು

ಮೈಸೂರು ಯುದ್ಧಗಳ ಬಗ್ಗೆ ಓದುವವರಿಗೆ ಈ ಕೆಲಸದಿಂದ ಸಿಗುವ ದೊಡ್ಡ ಲಾಭ ಇದು. ಹೆಸರಿನ ಹಿಂದಿನ ಪದವಿ ನೋಡಿದರೆ ಕಾಗದ ಆ ಕಾಲದ್ದೋ ಆಮೇಲೆ ಬರೆದದ್ದೋ ಗೊತ್ತಾಗುತ್ತದೆ. ಬೆಂಗಳೂರು ಕೋಟೆ ಬಿದ್ದದ್ದು 1791ರ ಮಾರ್ಚ್‌ನಲ್ಲಿ. ಅಂದಿನ ಕಾಗದದಲ್ಲಿ ‘ಅರ್ಲ್ ಕಾರ್ನ್‌ವಾಲಿಸ್’ ಇರಬೇಕು. ‘ಮಾರ್ಕ್ವೆಸ್’ ಎಂದಿದ್ದರೆ ಅದು 1792ರ ಪದವಿಯ ನಂತರ ಬರೆದದ್ದು ಅಥವಾ ನಕಲು ಮಾಡುವಾಗ ತಿದ್ದಿದ್ದು. 1799ರ ಮೇ ತಿಂಗಳ ಕಾಗದದಲ್ಲಿ ಗವರ್ನರ್ ಜನರಲ್ ‘ಅರ್ಲ್ ಆಫ್ ಮಾರ್ನಿಂಗ್ಟನ್’. ‘ಮಾರ್ಕ್ವೆಸ್ ವೆಲ್ಲೆಸ್ಲಿ’ ಆದದ್ದು ವರ್ಷದ ಕೊನೆಗೆ. ಆತನ ತಮ್ಮ ಆರ್ಥರ್ ಆಗ ಬರೀ ಕರ್ನಲ್ ವೆಲ್ಲೆಸ್ಲಿ. ವೈಕೌಂಟ್ ಆದದ್ದು 1809ರಲ್ಲಿ, ಅರ್ಲ್ ಮತ್ತು ಮಾರ್ಕ್ವೆಸ್ ಎರಡೂ 1812ರಲ್ಲಿ, ಡ್ಯೂಕ್ ಆದದ್ದು 1814ರಲ್ಲಿ. ‘ಲಾರ್ಡ್ ಹ್ಯಾರಿಸ್ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ’ ಎಂಬ ವಾಕ್ಯ ನಮ್ಮ ಬರಹಗಳಲ್ಲಿ ಆಗಾಗ ಬರುತ್ತದೆ. 1799ರಲ್ಲಿ ಆತ ಜನರಲ್ ಹ್ಯಾರಿಸ್, ಲಾರ್ಡ್ ಆಗಲು ಇನ್ನೂ 16 ವರ್ಷವಿತ್ತು.

ಇದೇ ಲೆಕ್ಕದಲ್ಲಿ ಮೋಸಹೋಗುವ ಜಾಗವೂ ಇದೆ. ಡ್ಯೂಕ್, ಮಾರ್ಕ್ವೆಸ್, ಅರ್ಲ್‌ಗಳ ಹಿರಿಯ ಮಗ ತಂದೆ ಬದುಕಿರುವಾಗಲೇ ತಂದೆಯ ಚಿಕ್ಕ ಪದವಿಯೊಂದನ್ನು ಮರ್ಯಾದೆಗೆ ಹಾಕಿಕೊಳ್ಳುತ್ತಾನೆ. ಕಾನೂನಿನಲ್ಲಿ ಅವನಿನ್ನೂ ಸಾಮಾನ್ಯ ಪ್ರಜೆ. 1753ರಿಂದ 1762ರವರೆಗೆ ‘ವೈಕೌಂಟ್ ಬ್ರೋಮ್’ ಎಂದರೆ ನಮ್ಮ ಕಾರ್ನ್‌ವಾಲಿಸ್. 1805ಕ್ಕೆ ಮುಂಚಿನ ಕಾಗದಗಳ ‘ಲಾರ್ಡ್ ಬ್ರೋಮ್’ ಅವನ ಮಗ. ‘ಅರ್ಲ್ ಆಫ್ ಮಾರ್ನಿಂಗ್ಟನ್’ 1799ರಲ್ಲಿ ನಿಜವಾದ ಪದವಿ. 1863ರಲ್ಲಿ ಅದು ವೆಲ್ಲಿಂಗ್ಟನ್ ಡ್ಯೂಕ್‌ಗಳ ಮನೆಗೆ ಸೇರಿದ ಮೇಲೆ ಡ್ಯೂಕಿನ ಮೊಮ್ಮಗ ಬಳಸುವ ಮರ್ಯಾದೆಯ ಹೆಸರಾಗಿದೆ.

ಕನ್ನಡದಲ್ಲಿ ಬರೆಯುವಾಗಲೂ ಇದೇ ಎಚ್ಚರ ಬೇಕು. ಬ್ಯಾರನ್‌ನ ಹೆಸರಿಗೆ ‘ಲಾರ್ಡ್ ಹ್ಯಾರಿಸ್’ ಸರಿ, ‘ಲಾರ್ಡ್ ಜಾರ್ಜ್ ಹ್ಯಾರಿಸ್’ ತಪ್ಪು. ನಡುವೆ ಸ್ವಂತ ಹೆಸರು ಸೇರಿದರೆ ಅದು ಡ್ಯೂಕ್ ಅಥವಾ ಮಾರ್ಕ್ವೆಸ್‌ನ ಕಿರಿಯ ಮಗ ಎಂಬರ್ಥ ಕೊಡುತ್ತದೆ. ‘ಪ್ರಭು’ ಎಂದು ಅನುವಾದಿಸದೆ ದರ್ಜೆಯ ಹೆಸರನ್ನೇ ಇಟ್ಟುಕೊಳ್ಳುವುದು ಲೇಸು, ಏಕೆಂದರೆ ‘ಪ್ರಭು’ ಎಂದೊಡನೆ ಐದೂ ದರ್ಜೆಗಳು ಒಂದಾಗಿಬಿಡುತ್ತವೆ. ‘ಗ್ರೀನಿಚ್‌ನ ಹ್ಯಾರಿಸ್’, ‘ಪೆಕಮ್‌ನ ಹ್ಯಾರಿಸ್’ ಎಂಬ ಲಾರ್ಡ್‌ಗಳೂ ಹುಡುಕುವಾಗ ಸಿಗುತ್ತಾರೆ. ಅವು 1958ರ ಕಾನೂನಿನ ನಂತರದ, ಜೀವಿತಾವಧಿಗಷ್ಟೇ ಕೊಟ್ಟ ಪದವಿಗಳು. ಈ ಕೋಷ್ಟಕಕ್ಕೆ ಅವರು ಸೇರುವುದಿಲ್ಲ.

ಕೋಷ್ಟಕದ ಕೊನೆಯ ಸಾಲು, ಅಂದರೆ ಇಂದು ಪದವಿಯಲ್ಲಿರುವವರ ಹೆಸರು, ಸುದ್ದಿಯಿಂದ ತುಂಬಬೇಡಿ. 2004ರಿಂದ ‘ರೋಲ್ ಆಫ್ ದಿ ಪೀರೇಜ್’ ಎಂಬ ಅಧಿಕೃತ ಪಟ್ಟಿಯಿದೆ. ತಂದೆ ತೀರಿಕೊಂಡೊಡನೆ ಮಗನ ಹೆಸರು ಅದರಲ್ಲಿ ತಾನಾಗಿ ಬರುವುದಿಲ್ಲ. ದಾಖಲೆ ಕೊಟ್ಟು ಹಕ್ಕು ಸಾಬೀತು ಮಾಡಿದ ಮೇಲೆ ಸೇರಿಸುತ್ತಾರೆ. ಹೆಸರು ಅಲ್ಲಿ ಇಲ್ಲದಿದ್ದರೆ ಪದವಿ ಮುಗಿದಿದೆ ಎಂದು ಬರೆಯಬೇಡಿ. ಆ ಸಾಲಿನಲ್ಲಿ ‘ಸಾಬೀತು ಆಗಿಲ್ಲ’ ಎಂದು, ಪಕ್ಕದಲ್ಲಿ ನೀವು ಪಟ್ಟಿ ನೋಡಿದ ದಿನಾಂಕವನ್ನು ಬರೆದಿಡಿ.